ಮೌಶಿ ಕಟ್ಟಿದ ಗಂಟುಗಳು

ನನ್ನ ಮೌಶಿಯಂಥ ದರೋಡೆಕೋರಳು ಇಡೀ ಧಾರವಾಡದಲ್ಲಿ ಇನ್ನೊಬ್ಬಳು ಇರಲಿಕ್ಕಿಲ್ಲ. ಮಹಡಿ ಕೋಣೆಯ ಹೊಸ್ತಿಲು ದಾಟದೆ ಮಾಳಮಡ್ಡಿಯ ನಮ್ಮ ಓಣಿಯ ಬಿಳಿ ಬಟ್ಟೆಗಳನ್ನೆಲ್ಲ ದೋಚಿದಳೆಂದರೆ ಅವಳ ಪ್ರತಾಪ ಎಂಥದ್ದಿರಬೇಕು! ದೋಚಿದ್ದನ್ನು ಮರಳಿ ಕೊಡಲಿಲ್ಲವೆಂದು ಹೇಳಲಾರೆ. ಕೊಟ್ಟಳು. ಆದರೆ ನೀಲಿ ಮಾಡಿ ಕೊಟ್ಟಳು. ನನ್ನ ಮದುವೆಯ ಬಿಳಿ ಅಂಗಿಯ ಬೆನ್ನ ಮೇಲೆ ಇವತ್ತಿಗೂ ರೊಟ್ಟಿಯಷ್ಟಗಲದ ಸೂರ್ಯನೊಬ್ಬ ಕೂತಿದ್ದಾನೆ. ಅದನ್ನು ತೊಟ್ಟುಕೊಂಡು ಯಾವ ಮರ್ಯಾದಸ್ಥ ಮನೆಯಿಂದ ಹೊರಗೆ ಬಿದ್ದಾನು, ನೀವೇ ಹೇಳಿ.

ಮೌಶಿ ಅವ್ವನ ತಂಗಿ. ಮದುವೆಯ ಗೋಜಿಗೆ ಹೋಗದೆ, ಪ್ರಾಥಮಿಕ ಶಾಲೆಯಲ್ಲಿ ಟೀಚರಾಗಿ, ನಮ್ಮ ಮನೆಯಲ್ಲೇ ಇದ್ದವಳು. ಊಟವಿಲ್ಲದೆ ಎರಡು ದಿನ ಇದ್ದಾಳು, ಮಾತಿಲ್ಲದೆ ಎರಡು ನಿಮಿಷ ಇರಲಾರಳು. ಅಂಥವಳಿಗೆ ತೊಂಬತ್ತರ ದಶಕದ ಕೊನೆಯಲ್ಲಿ ಒಂದು ಕೆಮ್ಮು ಹತ್ತಿತು. ನನ್ನ ಹೆಂಡತಿ ಬಾಣಂತನ ಮುಗಿಸಿ, ಕೂಸನ್ನು ಕರೆದುಕೊಂಡು ತವರಿನಿಂದ ಬರುವ ವಾರವೇ ಡಾಕ್ಟರು ಆ ಕೆಮ್ಮಿಗೆ ಟಿಬಿ ಎಂದು ಹೆಸರಿಟ್ಟರು. ಮೌಶಿ ಅದುವರೆಗೆ ನನ್ನ ಮಗಳ ಮುಖವನ್ನೇ ನೋಡಿರಲಿಲ್ಲ. ಯಾರೂ ಹೇಳುವ ಮೊದಲೇ ಹಾಸಿಗೆ ಸುತ್ತಿಕೊಂಡು ಮಹಡಿ ಹತ್ತಿದಳು. ಕೂಸು ಅಂಗಳಕ್ಕೆ ಬಂದಾಗ ಕಿಟಕಿಯಿಂದಲೇ ಕೂಗಿದಳು.

"ನಾ ಆರಾಮಾಗಿ ಕೆಳಗ ಇಳದ ದಿನ ಅಕಿನ್ನ ಮೊದಲು ನನ್ನ ಉಡ್ಯಾಗ ಹಾಕ್ಬೇಕು. ಈಗ ಹೇಳಿಟ್ಟೇನಿ!"

ಇಲ್ಲಿಯವರೆಗೆ ಎಲ್ಲ ಸರಿ. ಮೇಲೆ ಸುಮ್ಮನೆ ಗುಳಿಗೆ ನುಂಗಿ ಮಲಗಬೇಕಿತ್ತೋ ಇಲ್ಲವೋ? ಫೋನು ಪಡಸಾಲೆಯಲ್ಲಿ, ಅದರ ವೈರು ಮಹಡಿಗೆ ಎಟುಕದು. ಮಾತಾಡಲು ಗೋಡೆಯ ಹೊರತು ಗತಿಯಿಲ್ಲ. ಆಗ ಈ ಮಹಾತಾಯಿಗೆ, ಬೇಸಿಗೆ ರಜೆಯಲ್ಲಿ ಮಹಿಳಾ ಮಂಡಳದಲ್ಲಿ ಕಲಿತ ಜಪಾನಿ ವಿದ್ಯೆಯೊಂದು ನೆನಪಾಯಿತು. ಅದರ ಹೆಸರು ಶಿಬೋರಿ. ಬಟ್ಟೆಯನ್ನು ಚಿವುಟಿ ಹಿಡಿದು, ನೆರಿಗೆ ಮಾಡಿ, ದಾರದಿಂದ ಬಿಗಿಯಾಗಿ ಗಂಟು ಕಟ್ಟುವುದು. ಕಟ್ಟಿದ್ದನ್ನು ಬಣ್ಣದಲ್ಲಿ ಮುಳುಗಿಸುವುದು. ಆಮೇಲೆ ಬಿಚ್ಚಿದರೆ ಗಂಟಿದ್ದಲ್ಲೆಲ್ಲ ಬಿಳಿ ಚಿತ್ತಾರ. ಕಟ್ಟುವುದಂತೆ, ಬಿಚ್ಚುವುದಂತೆ! ಜಪಾನದವರಿಗೆ ಬೇರೆ ಕೆಲಸವಿರಲಿಲ್ಲವೇ?

ಅವ್ವನಿಗೂ ಸಿಟ್ಟು ಬಂತು. "ಧಾರವಾಡದಾಕಿ ನೀ. ಛಂದಾಗಿ ಕಸೂತಿ ಹಾಕಬಾರದ?"

"ಕಸೂತಿ ಕುದಿಸಿದ್ರ ಬಣ್ಣ ಬಿಡ್ತದ, ಅಕ್ಕಾ. ಇದು ಕುದಿಸಿದ್ರನ ಬಣ್ಣ ಹಿಡಿತದ. ನಾ ಮುಟ್ಟಿದ್ದು ಕುದ್ದು ಬಂದದ ಅಂದ್ರ ಯಾರೂ ಅಂಜೂದಿಲ್ಲ ನೋಡು."

ಅವ್ವ ಬಿಳಿ ದಿಂಬಿನ ಚೀಲ ಹುಡುಕಲು ಒಳಗೆ ಹೋದಳು. ನಾನು ಮಾತ್ರ ಒಂದು ಪ್ರಶ್ನೆ ಕೇಳಬೇಕಿತ್ತು. ಕುದಿಸುವವರು ಯಾರು? ಯಾರೆಂದರೆ ನಾನು! ಬಣ್ಣದ ಹಬೆ ಅವಳ ಎದೆಗೆ ಆಗದಲ್ಲ. ಓಣಿಯವರ ಬಿಳಿ ಬಟ್ಟೆಗಳು ಹಗ್ಗದ ಬುಟ್ಟಿಯಲ್ಲಿ ಮೇಲೇರಿ, ಗಂಟಿನ ಉಂಡೆಗಳಾಗಿ ಇಳಿದವು. ವಾರವಿಡೀ ದುಡಿದ ಮನುಷ್ಯ ರವಿವಾರ ಗಿರಮಿಟ್ಟು ತಿಂದು ಕಾಲು ಚಾಚುವುದು ಬಿಟ್ಟು, ಹಿತ್ತಲಲ್ಲಿ ಒಲೆ ಹೂಡಿ, ಹಳೆಯ ಪಾತೇಲಿಯಲ್ಲಿ ನೀಲಿ ಪುಡಿ, ಉಪ್ಪು ಹಾಕಿ ಕುದಿಸುತ್ತ ಕೂತ. ಮೇಲಿನಿಂದ ಮೇಲ್ವಿಚಾರಣೆ ಬೇರೆ!

"ಕಟ್ಟಿಗಿಲೇ ತಿರುವೋ! ಹಿಂಡೂ ಮುಂದ ಕೈಗೆ ಪ್ಲಾಸ್ಟಿಕ್ ಚೀಲ ಕಟ್ಕೋ!"

ಹಿಂಡಿ ಮುಗಿದ ಮೇಲೆ ಇದನ್ನು ಹೇಳಿದರೆ ಏನು ಉಪಯೋಗ? ಸೋಮವಾರ ಹುಬ್ಬಳ್ಳಿಯ ಆಫೀಸಿನಲ್ಲಿ ಫೈಲಿನ ಮೇಲೆ ಕೈ ಇಡುತ್ತಿದ್ದಂತೆ ಪಕ್ಕದ ಮೇಜಿನವರು ಕೇಳಿದರು. "ಏನ್ರೀ ಸಾಹೇಬ್ರ, ಹತ್ತೂ ಬೆರಳಿಗೆ ಶಾಯಿ! ಎಷ್ಟು ಬೂತಿನ್ಯಾಗ ಓಟು ಹಾಕಿ ಬಂದ್ರಿ?"

ಇಷ್ಟಕ್ಕೇ ಮುಗಿದಿದ್ದರೆ ಕ್ಷಮಿಸುತ್ತಿದ್ದೆ. ಮೌಶಿ ಒಂದು ಕಾಯಿದೆ ಮಾಡಿದಳು. ಬಟ್ಟೆ ಯಾರದೋ ಅವರೇ ಬಂದು, ಕಿಟಕಿಯ ಕೆಳಗೆ ಕೂತು, ಅವಳ ಕಣ್ಣೆದುರಿಗೇ ಗಂಟು ಬಿಚ್ಚಬೇಕು. ಮನೆಗೆ ಒಯ್ದು ಬಿಚ್ಚುವಂತಿಲ್ಲ. ಗಂಟುಗಳೋ ಸಾಸಿವೆ ಕಾಳಿನಷ್ಟು. ದಿಂಬಿನ ಚೀಲ ಒಯ್ಯಲು ಬಂದವರ ಮುಂಜಾನೆಯೇ ಹೋಗುತ್ತಿತ್ತು. ಅಷ್ಟರಲ್ಲಿ ಮೌಶಿ ಮೇಲಿನಿಂದ ಅಳಿಯನ ನೌಕರಿ, ಸೊಸೆಯ ಸ್ವಭಾವ, ಉಪ್ಪಿನಕಾಯಿ ಕೆಟ್ಟ ಕಾರಣ ಎಲ್ಲ ವಿಚಾರಿಸಿ ಮುಗಿಸಿರುತ್ತಿದ್ದಳು. ಎದುರು ಮನೆಯ ಕಾಕು ಒಮ್ಮೆ ತಾಳ್ಮೆಗೆಟ್ಟು ಸೆರಗಿನಿಂದ ಕತ್ತರಿ ತೆಗೆದರು. ದಾರದ ಜೊತೆಗೆ ಬಟ್ಟೆಯೂ ಕಚಕ್ಕೆಂದಿತು. ಹೊಸ ಮೇಜುಹಾಸಿನ ನಟ್ಟನಡುವೆ ತೂತು!

"ಗಂಟು ಬಿಚ್ಚೂ ವ್ಯವಧಾನ ಇಲ್ಲದಾಕಿ ಮನ್ಯಾಗ ಸೊಸಿ ಹ್ಯಾಂಗ ಬಾಳ್ವಿ ಮಾಡ್ಯಾಳು?" ಎಂದು ಮೌಶಿ ಮೇಲಿನಿಂದ ಗುಡುಗಿದಳು. ಸೊಸೆ ಕಾಕುವಿನ ಪಕ್ಕದಲ್ಲೇ ನಿಂತಿದ್ದಳು. ಆ ಜಗಳವನ್ನು ಬಗೆಹರಿಸಲು ಮತ್ತೆ ನಾನೇ ಹೋಗಬೇಕಾಯಿತು.

ಎರಡು ತಿಂಗಳಿಗೆ ಡಾಕ್ಟರು ಕಫ ಪರೀಕ್ಷೆ ಮಾಡಿಸಿ, "ಇನ್ನ ಯಾರಿಗೂ ಹತ್ತೂದಿಲ್ಲ, ಕೆಳಗ ಬರಬಹುದು" ಎಂದರು. ಗುಳಿಗೆ ಮಾತ್ರ ಇನ್ನೂ ನಾಲ್ಕು ತಿಂಗಳು. ನಾನು ಸಂತೋಷದಿಂದ ಮೆಟ್ಟಿಲ ಬುಡದಲ್ಲಿ ನಿಂತು ಕರೆದೆ. ಬರುವುದಿಲ್ಲವಂತೆ!

"ಡಾಕ್ಟರು ಹೇಳ್ಯಾರ, ಮೌಶಿ!"

"ಡಾಕ್ಟರ ಮನ್ಯಾಗ ಕೂಸದ ಏನು? ಗುಳಿಗಿ ಎಲ್ಲಾ ಮುಗೀಲಿ."

ಹುಟ್ಟಿದಾಗಿನಿಂದ ಒಬ್ಬರ ಮಾತು ಕೇಳದವಳು ಡಾಕ್ಟರ ಮಾತನ್ನು ಕೇಳಿಯಾಳೇ? ಕೂಸು ಕೂಸು ಎಂದು ಜೀವ ಬಿಡುವವಳೂ ಇವಳೇ, ಕೂಸನ್ನು ಮುಟ್ಟಲೊಲ್ಲೆ ಎಂದು ಹಟ ಹಿಡಿದವಳೂ ಇವಳೇ. ನನಗೆ ರೇಗಿಹೋಗಿ ಎರಡು ದಿನ ಮಾತು ಬಿಟ್ಟೆ. ಅದು ಅವಳ ಗಮನಕ್ಕೇ ಬರಲಿಲ್ಲ. ಆಗ ಅವಳು ಕುಂಚಿಗೆಗೆ ಗಂಟು ಕಟ್ಟುವುದರಲ್ಲಿ ಮುಳುಗಿದ್ದಳು.

ಕುಂಚಿಗೆಯೆಂದರೆ ಕೂಸಿನ ತಲೆಯಿಂದ ಬೆನ್ನಿನವರೆಗೆ ಹೊದಿಸುವ ಟೊಪ್ಪಿಗೆ. ಅಂಗೈಯಗಲದ ಆ ಬಟ್ಟೆಗೆ ಎಷ್ಟು ಗಂಟೆನ್ನುತ್ತೀರಿ! ನನ್ನ ಹೆಂಡತಿ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಸಂಜೆಯೆಲ್ಲ ಕಿಟಕಿಯ ಕೆಳಗೆ ಅಂಗಳದಲ್ಲಿ ಬಿಚ್ಚುತ್ತಿದ್ದಳು. ಬಿಚ್ಚಿದಷ್ಟೂ ಮುಗಿಯದು. ಒಂದು ಸಂಜೆ ಅವಳಿಗೂ ಸಾಕಾಯಿತು.

"ಇಷ್ಟ್ಯಾಕ ಗಂಟು ಹಾಕೀರಿ, ಮೌಶಿ?"

"ಬಿಚ್ಚವಾ, ಸಾವಕಾಶ ಬಿಚ್ಚು. ಅಕಿ ಇನ್ನಷ್ಟು ಹೊತ್ತು ಹಂಗ ಕೂತಿರ್ಲಿ."

ನನ್ನ ಹೆಂಡತಿ ತಲೆ ತಗ್ಗಿಸಿ, ಬಿಚ್ಚುತ್ತಿದ್ದ ಗಂಟನ್ನು ಇನ್ನೂ ನಿಧಾನಕ್ಕೆ ಬಿಚ್ಚತೊಡಗಿದಳು. ನಾನು ಒಲೆಗೆ ಕಟ್ಟಿಗೆ ಸರಿಯಿಲ್ಲವೆಂದು ಗೊಣಗುತ್ತ ಹಿತ್ತಲಿಗೆ ಹೋದೆ.

ಅಂತೂ ಗುಳಿಗೆ ಮುಗಿದವು. ಮೌಶಿ ತಲೆಗೆ ಎರೆದುಕೊಂಡು, ಮಡಿ ಸೀರೆ ಉಟ್ಟು ಕೆಳಗಿಳಿದು ಪಡಸಾಲೆಯಲ್ಲಿ ಕೂತಳು. ಹೆಂಡತಿ ಕೂಸನ್ನು ಅವಳ ಉಡಿಯಲ್ಲಿ ಹಾಕಿದಳು.

"ಬಂದ್ಯಾ, ನನ್ನವ್ವಾ?" ಎಂದಳು ಮೌಶಿ.

ಆ ದನಿ ಕೇಳಿದ್ದೇ ತಡ, ಮಗಳು ಕತ್ತು ಎತ್ತಿ ಮೇಲೆ ಜಂತಿಯ ಕಡೆ ಹುಡುಕತೊಡಗಿದಳು. ಅವಳು ಕಂಡಂತೆ ಆ ದನಿ ಇರುವುದು ಮೇಲೆಯೇ ಅಲ್ಲವೇ! ನಾವೆಲ್ಲ ನಕ್ಕೆವು. ಮೌಶಿ ನಗಲಿಲ್ಲ, ಮಾತೂ ಆಡಲಿಲ್ಲ. ನೋಡುತ್ತಿದ್ದಂತೆ ಅವಳ ಮುಖ ಕೆಂಪಾಯಿತು, ಕತ್ತಿನ ನರ ಉಬ್ಬಿದವು. ಗಾಬರಿಯಿಂದ ಹತ್ತಿರ ಹೋದೆ. ಅವಳ ಎದೆ ಅಲುಗಾಡುತ್ತಿರಲಿಲ್ಲ. ಕೂಸಿಗೆ ತಾಗಬಾರದೆಂದು ಉಸಿರು ಬಿಗಿಹಿಡಿದು ಕೂತಿದ್ದಳು!

ಸಿಟ್ಟು ನೆತ್ತಿಗೇರಿತು. "ಉಸಿರು ಬಿಡು, ಮೌಶಿ! ಎಲ್ಲಾ ಆರಾಮಾಗ್ಯದ, ಉಸಿರು ಬಿಡು!" ಎಂದು ಒದರಿದೆ. ಒದರುವಾಗ ನನ್ನ ಕಣ್ಣಲ್ಲಿ ನೀರಿತ್ತು.

ಮೌಶಿ ಬಾಗಿಲ ಕಡೆ ಮುಖ ಹೊರಳಿಸಿ ಉಸಿರು ಬಿಟ್ಟಳು. ಮತ್ತೊಂದು ಉಸಿರು ತುಂಬಿಕೊಳ್ಳುವಷ್ಟರಲ್ಲಿ ನನ್ನ ಹೆಂಡತಿ ಅವಳ ಗದ್ದ ಹಿಡಿದು, ಮುಖವನ್ನು ಕೂಸಿನ ಕಡೆಗೇ ತಿರುಗಿಸಿ, ಹಾಗೆಯೇ ಹಿಡಿದುಕೊಂಡಳು.