ಗೊಬ್ಬರದ ಚೀಲದಲ್ಲಿ ದೇವಿಯ ಸೀರೆ

ಶ್ರೀಶೈಲಕ್ಕೆ ನಡೆದು ಹೋಗಿ ಬಂದವರು ಊರಲ್ಲಿ ಎರಡೇ ಮಾತು ಆಡುತ್ತಾರೆ: ಒಂದು ಕಾಲುನೋವು, ಇನ್ನೊಂದು ಪುಣ್ಯ. ದಾರಿಯಲ್ಲಿ ವರ್ಷಾವರ್ಷ ಆಗುತ್ತಲೇ ಇರುವ ಫಜೀತಿಗಳನ್ನು ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ಹೇಳಿದರೆ ಪುಣ್ಯ ಕಡಿಮೆಯಾದೀತೆಂದು ಅಂಜಿಕೆ. ನನಗೆ ಈಗ ವಯಸ್ಸಾಗಿದೆ. ಸ್ವಲ್ಪ ಕಡಿಮೆಯಾದರೂ ನಡೆಯುತ್ತದೆ ಎಂದು ಎಂಬತ್ತರ ದಶಕದ ಆರಂಭದ ಒಂದು ಯಾತ್ರೆಯ ಸಂಗತಿ ಹೇಳುತ್ತೇನೆ.

ನಮ್ಮ ಸೀಮೆಯ ನಂಬಿಕೆಯಲ್ಲಿ ಅಲ್ಲಿಯ ಭ್ರಮರಾಂಬೆ ನಮ್ಮ ಮನೆಮಗಳು, ಮಲ್ಲಯ್ಯ ನಮ್ಮ ಅಳಿಯ. ಯುಗಾದಿಗೆ ಮಗಳಿಗೆ ತವರಿನಿಂದ ಸೀರೆ ಹೋಗಬೇಕು. ತಳಕಲ್ ಕಡೆಯ ನಮ್ಮ ಊರಲ್ಲಿ ಸೀರೆ ಕೊಡುವ ಪಾಳಿ ಮನೆಯಿಂದ ಮನೆಗೆ ಬರುತ್ತಿತ್ತು. ಆ ವರ್ಷ ನಮ್ಮ ಮನೆಯದು. ಸೀರೆಯನ್ನು ನೆಲಕ್ಕೆ ಇಡಬಾರದು, ತೊಯ್ಯಿಸಬಾರದು, ಗಳಿಗೆ, ಅಂದರೆ ಹೊಸ ಸೀರೆಯ ಮಡಿಕೆ, ಮುರಿಯಬಾರದು. ಇದರಲ್ಲಿ ಒಂದು ತಪ್ಪಿದರೂ ಆ ಮನೆಗೆ ಮುಂದೆ ಪಾಳಿ ಇಲ್ಲ. ನನ್ನ ಹೆಂಡತಿ ಕುಷ್ಟಗಿ ಕಡೆ ಹಸಿರು ಸೀರೆ ನೇಯಿಸಿ ತರಿಸಿದ್ದಳು. ಕೈಗೆ ಕೊಡುವಾಗ, “ಸೀರಿಗೆ ಏನರ ಆದ್ರ ನೀವು ಅಲ್ಲೇ ಮಲ್ಲಯ್ಯನ ಹಂತೇಕ ಇದ್ದುಬಿಡ್ರಿ” ಎಂದಳು.

ಹಗುರ ಗಂಟು

ಹೊರಡುವ ಮುಂಜಾನೆ ತಂಡದ ಯಜಮಾನರು ಎಲ್ಲರ ಗಂಟು ತಪಾಸಣೆ ಮಾಡಿದರು. ಅವರು ಹನ್ನೊಂದು ಸಲ ಹೋಗಿ ಬಂದವರು. ಅದನ್ನು ಅವರು ದಿನಕ್ಕೆ ಹನ್ನೊಂದು ಸಲ ಹೇಳುತ್ತಿದ್ದರು.

ನನ್ನ ಗಂಟು ನೋಡಿ ಹೌಹಾರಿದರು. ಮಳೆಗೆ ಅಂಜಿ ಸೀರೆಯನ್ನು ಗೊಬ್ಬರದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ್ದೆ.

“ಏನೋ ಇದು? ದೇವಿ ಸೀರಿಗೆ ಯೂರಿಯಾ ಚೀಲ!”

“ಏಳು ಸಲ ತೊಳದೀನ್ರಿ.”

ತಂಡದಲ್ಲಿದ್ದ ಒಬ್ಬಳೇ ಹೆಂಗಸು ನಮ್ಮ ಓಣಿಯ ಆಯಿ, ಅರವತ್ತೈದರ ಮುದುಕಿ. ಅವಳು, “ಇರ್ಲಿ ಬಿಡ್ರಿ ಯಜಮಾನ್ರ, ಮಗಳು ಛಲೋ ಬೆಳೀತಾಳ” ಎಂದಳು. ನನ್ನ ಗಂಟು ಪಾಸಾಯಿತು.

ಕಿರಾಣಿ ಅಂಗಡಿಯ ಶೆಟ್ಟರದು ಮಾತ್ರ ಗಂಟಲ್ಲ, ಗುಡ್ಡ. ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಉಪ್ಪಿನಕಾಯಿ ಭರಣಿ, ಸ್ಟೋವು, ಎರಡು ತಂಬಿಗೆ, ಒಂದು ಲಟ್ಟಣಿಗೆ.

ಯಜಮಾನರು ಕೈ ಮುಗಿದು, “ಶೆಟ್ರ, ಸಂಸಾರ ಬಿಟ್ಟು ಬರ್ರಿ ಅಂತ ಹೇಳಿದ್ನಿಲ್ಲ?” ಎಂದರು.

“ಸಂಸಾರ ಬಿಟ್ಟೇ ಬಂದೀನ್ರಿ. ಇದು ಬರೇ ಅಡಗಿಮನಿ.”

ಹೆಸರಿಲ್ಲದ ಮಳೆ

ನಮ್ಮ ತಂಡದ ಮಾಸ್ತರರು ಬಗಲಲ್ಲಿ ಪಂಚಾಂಗ ಇಟ್ಟುಕೊಂಡೇ ನಡೆಯುತ್ತಿದ್ದರು. ಮೋಡ ಕಂಡರೆ ಮೇಲೆ ನೋಡುತ್ತಿರಲಿಲ್ಲ, ಪುಟ ತಿರುವುತ್ತಿದ್ದರು. ಗಂಗಾವತಿ ದಾಟಿ ಶ್ರೀರಾಮನಗರದ ಗದ್ದೆ ಸಾಲಿಗೆ ಬಂದಾಗ ಪಡುವಣದಲ್ಲಿ ಕರಿಮೋಡ ಎದ್ದಿತ್ತು.

“ಅಶ್ವಿನಿ ಮಳಿ ಹುಟ್ಟೂತನಕ ಒಂದು ಹನಿ ಬೀಳಂಗಿಲ್ಲ. ನಡೀರಿ ಧೈರ್ಯಲೆ” ಎಂದರು ಮಾಸ್ತರರು.

ನಾವು ಧೈರ್ಯಲೆ ನಡೆದೆವು. ಅರ್ಧ ಹರದಾರಿ ಹೋಗಿರಲಿಲ್ಲ, ಆಣೆಕಲ್ಲು ಸುರಿಯತೊಡಗಿತು. ಅವರೆಕಾಳಿನಿಂದ ಸುರುವಾಗಿ ಅಡಕೆ ಗಾತ್ರಕ್ಕೆ ಬಂತು. ಬಯಲಲ್ಲಿ ಇದ್ದದ್ದು ಒಂದೇ ಹುಲ್ಲಿನ ಬಣವೆ. ನಾನು ಸೀರೆಯ ಗಂಟನ್ನು ಹುಲ್ಲಿನೊಳಗೆ ತುರುಕಿ, ಬಾಗಿಲು ಕಾಯುವವನ ಹಾಗೆ ಹೊರಗೆ ನಿಂತೆ. ಉಳಿದವರು ತಲೆ ಒಳಗೆ ತೂರಿಸಿದರು. ತಲೆಯ ಹೊರತು ಮಿಕ್ಕದ್ದೆಲ್ಲ ಹೊರಗೇ ಉಳಿದು ಪೆಟ್ಟು ತಿಂದಿತು.

ಮಳೆ ನಿಂತ ಮೇಲೆ ಮಾಸ್ತರರು ತೊಯ್ದ ಪಂಚಾಂಗವನ್ನು ಎರಡೆರಡು ಸಲ ನೋಡಿ, “ಇದು ಮಳಿ ಅಲ್ಲ. ಇದಕ್ಕ ಇಲ್ಲಿ ಹೆಸರ ಇಲ್ಲ. ಹೆಸರಿಲ್ಲದ್ದನ್ನ ಲೆಕ್ಕಕ್ಕ ಹಿಡಿಯೂಹಂಗಿಲ್ಲ” ಎಂದರು.

ಆಯಿ ಸೆರಗು ಹಿಂಡುತ್ತ ಹೇಳಿದಳು: “ಮಾಸ್ತರ, ನಿಮ್ಮ ಧೋತ್ರಾ ಹಿಂಡ್ರಿ. ಬಿದ್ದ ನೀರಿಗೆ ನಾವ ಒಂದು ಹೆಸರು ಇಡೋಣಂತ.”

ಎಂಡ ಎಕ್ಕುವ

ಆಂಧ್ರದ ಸೀಮೆ ಹೊಕ್ಕ ಮೇಲೆ ಮಾಸ್ತರರಿಗೆ ಕಳೆದ ಮಾನ ತಿರುಗಿ ಬಂತು. ಆಂಧ್ರದಿಂದ ಬಂದು ನೆಲೆಸಿದ ಶ್ರೀರಾಮನಗರದ ಗದ್ದೆಯವರ ಮಕ್ಕಳಿಗೆ ಮೂರು ವರ್ಷ ಪಾಠ ಹೇಳಿದ್ದರಿಂದ ತಮಗೆ ತೆಲುಗು ನೀರು ಕುಡಿದಷ್ಟು ಸಲೀಸು ಎನ್ನುತ್ತಿದ್ದರು.

ಗುಡ್ಡದ ಸಾಲು ಕಾಣತೊಡಗಿದ ಒಂದು ಹಳ್ಳಿಯಲ್ಲಿ ಹಿರಿಯನೊಬ್ಬ ನಮ್ಮನ್ನು ನಿಲ್ಲಿಸಿ, ಮುಂದಿನ ಊರಿನ ಕಡೆ ಕೈ ತೋರಿಸಿ, “ಎಂಡ ಎಕ್ಕುವ! ಎಂಡ ಎಕ್ಕುವ!” ಎಂದು ಕಳಕಳಿಯಿಂದ ಹೇಳಿದ.

“ಏನಂತರಿ?” ಎಂದರು ಯಜಮಾನರು.

“ಎಕ್ಕುವ ಅಂದ್ರ ಹೆಚ್ಚು. ಇವರ ಬಾಯಾಗ ಹಕಾರ ಹೊರಳಂಗಿಲ್ಲ. ಮುಂದಿನ ಊರಾಗ ಹೆಂಡ ಭಾಳ ಐತಂತ.”

ಯಜಮಾನರು ಶಿವಶಿವಾ ಎಂದು ಕಿವಿ ಮುಚ್ಚಿಕೊಂಡರು. ದೇವಿಯ ಸೀರೆ ಹೆಂಡದ ಊರಲ್ಲಿ ಹಾಯುವುದೆಂದರೇನು! ಊರನ್ನು ಬಳಸಿ ಕಲ್ಲುಬಯಲಲ್ಲಿ ಹೋಗುವುದೆಂದು ಠರಾವಾಯಿತು. ಒಂದು ಗಿಡದ ನೆರಳಿಲ್ಲ, ಒಂದು ಬಾವಿ ಇಲ್ಲ. ಮೂರು ಹರದಾರಿ ಸುತ್ತಿ ಅದರಾಚೆಯ ಊರು ಮುಟ್ಟುವಾಗ ನಮ್ಮಲ್ಲಿ ಒಬ್ಬರ ಕಾಲೂ ನೆಟ್ಟಗೆ ಬೀಳುತ್ತಿರಲಿಲ್ಲ. ಯಜಮಾನರು ಒಂದು ಬೇವಿನ ಗಿಡವನ್ನು ಅಪ್ಪಿಕೊಂಡು ನಿಂತರು. ಶೆಟ್ಟರು ಎದುರಿಗೆ ಬಂದ ಎಮ್ಮೆಗೆ, “ಅಕ್ಕಾರ, ನೀರು ಎಲ್ಲಿ ಸಿಗತಾವ್ರಿ?” ಎಂದು ಕೇಳಿದರು.

ಕಟ್ಟೆಯ ಮೇಲಿದ್ದ ಊರವರು ನಮ್ಮನ್ನು ನೋಡಿ, “ತಾಗಿ ವಚ್ಚಾರು” ಎಂದು ತಮ್ಮೊಳಗೇ ನಕ್ಕರು.

“ಮರ್ಯಾದಿ ಮಂದಿ. ನೀರು ಕುಡದು ಬಂದೀರೇನ್ರಿ ಅಂತ ಕೇಳಾಕತ್ಯಾರ” ಎಂದರು ಮಾಸ್ತರರು.

ಅಲ್ಲಿ ಬಳ್ಳಾರಿ ಕಡೆಯ ಬಳೆಗಾರನೊಬ್ಬ ಕೂತಿದ್ದ. ಎರಡೂ ಭಾಷೆ ಬಲ್ಲವನು. ನಾವು ಮಜ್ಜಿಗೆ ಕುಡಿದು ಸುಧಾರಿಸಿಕೊಂಡ ಮೇಲೆ ನಮ್ಮ ಕಥೆ ಕೇಳಿ ಹಣೆ ಬಡಿದುಕೊಂಡ.

“ಎಂಡ ಅಂದ್ರ ಬಿಸಿಲು, ಸ್ವಾಮೀ. ಬಿಸಿಲು ಭಾಳ ಐತಿ, ಮುಂದಿನ ಊರಾಗ ನಿಲ್ರಿ ಅಂತ ಆ ಹಿರಿಯ ಹೇಳ್ಯಾನ.”

“ಮತ್ತ ಇವರು ಈಗ ಅಂದದ್ದು?”

“ಕುಡದು ಬಂದಾರ ಅಂದ್ರು.”

ಬೀಗರ ಉಪಚಾರ

ಕಾಡಿನೊಳಗಿನ ಏರು ನಿಜವಾದ ಪರೀಕ್ಷೆ. ಭೀಮನಕೊಳ್ಳದಿಂದ ಕೈಲಾಸ ಬಾಗಿಲಿಗೆ ಮೆಟ್ಟಿಲು ಏರುವಾಗ ಮುಂಜಾನೆ ಕಲ್ಲು ಹೆಂಚಿನ ಹಾಗೆ ಸುಡುತ್ತಿತ್ತು. ಮಧ್ಯಾಹ್ನ ಅದೇ ಕಲ್ಲಿನ ಮೇಲೆ ಹಳ್ಳ ಹರಿಯಿತು. ಅಂಥ ಮಳೆ ನಾನು ಕಂಡಿದ್ದಿಲ್ಲ. ಮಾಸ್ತರರು ಮುಂಜಾನೆಯಿಂದ ಹವೆಯ ಸುದ್ದಿ ಎತ್ತಿರಲಿಲ್ಲ, ಅದಕ್ಕೇ ನಾವು ಮಳೆಯಾಗಲಿಕ್ಕಿಲ್ಲ ಎಂದುಕೊಂಡಿದ್ದೆವು. ನಾನು ಧೋತರ ಬಿಚ್ಚಿ ಚೀಲಕ್ಕೆ ಸುತ್ತಿ, ಲಂಗೋಟಿಯಲ್ಲಿ ಗಂಟನ್ನು ಎದೆಗೆ ಅವುಚಿಕೊಂಡು ಬಗ್ಗಿ ನಿಂತೆ.

ಯಜಮಾನರು ಕಣ್ಣು ಮುಚ್ಚಿ ಮಂತ್ರ ಹೇಳುತ್ತಿದ್ದರು. ಆಯಿ ಮಾತ್ರ ಬಂಡೆ ಏರಿ, ಶಿಖರದ ಕಡೆ ಕೋಲು ತಿರುವಿ ಬೈಯತೊಡಗಿದಳು:

“ಏನೋ ಅಳಿಯಾ! ಬೀಗರು ಬಂದ್ರ ಕಾಲಿಗೆ ನೀರು ಕೊಡೂದು ಪದ್ಧತಿ. ತಲಿ ಮ್ಯಾಲೆ ಸುರುವೂದು ಯಾರ ಮನಿ ಪದ್ಧತಿಯೋ?”

ಗಳಿಗೆ ಮುರಿದದ್ದು

ಮಳೆ ಕಡಿಮೆಯಾಯಿತು. ಆದರೆ ಬೈದು ಮುಗಿಸಿದ ಆಯಿ ನಡುಗತೊಡಗಿದಳು. ತುಟಿ ನೀಲಿಯಾದವು, ಹಲ್ಲು ಕಟಕಟ ಎಂದವು. ನಮ್ಮೆಲ್ಲರ ಗಂಟಿನ ಬಟ್ಟೆಯೂ ತೊಯ್ದು ತೊಪ್ಪೆ. ಒಣಗಿದ್ದದ್ದು ಒಂದೇ ಬಟ್ಟೆ, ಯೂರಿಯಾ ಚೀಲದೊಳಗಿನದು.

ನಾನು ಚೀಲದ ಬಾಯಿ ಬಿಚ್ಚಲು ಹೋದೆ. ಯಜಮಾನರು ಕೈ ಹಿಡಿದರು.

“ವಿಚಾರ ಮಾಡು. ಗಳಿಗಿ ಮುರದ್ರ ಸೀರಿ ದೇವಿಗೆ ಸಲ್ಲಂಗಿಲ್ಲ. ನಿಮ್ಮ ಮನಿಗೆ ಇನ್ನ ಪಾಳಿ ಇಲ್ಲ.”

ಆಯಿಯೂ, “ಬ್ಯಾಡಪಾ, ಅದು ಮಗಳ ಸೀರಿ” ಎಂದಳು. ಆ ಮಾತೂ ಹಲ್ಲಿನ ನಡುವೆ ತುಂಡು ತುಂಡಾಗಿ ಬಂತು.

ನಾನು ನಿಧಾನದ ಮನುಷ್ಯ. ನನಗೆ ಮಾತು ಹೊಳೆಯುವುದು ಎಲ್ಲ ಮುಗಿದ ಮೇಲೆ. ಅಂದು ಏಕೋ ವೇಳೆಗೆ ಸರಿಯಾಗಿ ಹೊಳೆಯಿತು.

“ಯಜಮಾನ್ರ, ತಾಯಿ ಒಂದೀಟು ಹೊತ್ತು ಮಗಳ ಸೀರಿ ಉಟ್ಕೊಂಡ್ರ, ಯಾವ ಮಗಳು ಬ್ಯಾಡ ಅಂತಾಳ್ರಿ?”

ಅವರ ಹಿಡಿತ ಸಡಿಲಾಯಿತು. ನಾನು ಸೀರೆ ತೆಗೆದು ಆಯಿಯ ಕೈಗಿಟ್ಟೆ, ಅವಳು ಅದನ್ನು ಹಿಡಿದು ಬಂಡೆಯ ಮರೆಗೆ ಹೋದಳು. ನನ್ನ ಹೆಂಡತಿಗೆ ಏನು ಹೇಳಲಿ?

ಅಷ್ಟರಲ್ಲಿ ಬಿಸಿಲು ಬಿತ್ತು. ಕಾದಿದ್ದ ಕಲ್ಲುಗಳಿಂದ ಹಬೆ ಎದ್ದಿತು. ಆಯಿ ಹಸಿರು ಸೀರೆ ಉಟ್ಟು, ಕೂದಲು ಒಣಗಲೆಂದು ಬಿಚ್ಚಿ ಹರವಿ, ಕೈಯಲ್ಲಿ ಕೋಲು ಹಿಡಿದು ಆ ಹಬೆಯೊಳಗಿಂದ ಮೆಟ್ಟಿಲ ಮೇಲೆ ಬಂದು ನಿಂತಳು. ಕೆಳಗಿನ ತಿರುವಿನಲ್ಲಿ ಐದಾರು ಮಂದಿ ತೆಲುಗು ಯಾತ್ರಿಕರು ಏರಿ ಬರುತ್ತಿದ್ದರು. ತಲೆ ಎತ್ತಿ ನೋಡಿದವರೇ “ಅಮ್ಮಾ!” ಎಂದು ಚೀರಿ, ಕೆಸರಿನಲ್ಲಿ ಉದ್ದಕ್ಕೆ ಬಿದ್ದರು.

ಆಯಿಗೆ ಕರುಳು ಚುರ್ರೆಂದಿತು. ಕೈ ಎತ್ತಿ, “ಜಾರತೈತ್ರಿ, ನೋಡಿ ನಡೀರಿ!” ಎಂದಳು.

ದೇವಿ ಮಾತಾಡಿದಳೆಂದು ಅವರಿಗೆ ಕಣ್ಣೀರೇ ಬಂತು. ತಂದಿದ್ದ ತೆಂಗಿನಕಾಯಿಗಳನ್ನೆಲ್ಲ ಆಯಿಯ ಪಾದದ ಬಳಿ ಇಟ್ಟು, ಆ ಮಾತನ್ನೇ ಜಪ ಮಾಡುತ್ತ, ಬೆನ್ನು ತೋರಿಸಬಾರದೆಂದು ಹಿಂದುಹಿಂದಕ್ಕೆ ಮೆಟ್ಟಿಲು ಏರಿ ಹೋದರು. ಆ ಪರಿ ಏರಿದ್ದರಿಂದ ಇಬ್ಬರು ನಿಜವಾಗಿಯೂ ಜಾರಿ ಬಿದ್ದರು.

ಯಜಮಾನರು ಗಡ್ಡ ನೀವಿಕೊಂಡರು. ಆಮೇಲೆ ತೀರ್ಪು ಕೊಟ್ಟರು: “ಇಷ್ಟು ಮಂದಿ ಸಾಕ್ಷಾತ್ ದೇವಿ ಉಟ್ಟಾಳ ಅಂತ ಅಡ್ಡಬಿದ್ದ ಮ್ಯಾಲೆ, ಉಟ್ಟಾಕಿ ಮುದುಕಿ ಅನ್ನಾಕ ನಾವ್ಯಾರು? ಸೀರಿಗೆ ದೋಷ ಇಲ್ಲ. ಪಾಳಿ ನಿಮ್ಮ ಮನ್ಯಾಗ ಇರ್ಲಿ.”

ಆಯಿಯ ಬಟ್ಟೆ ಒಣಗಿದ ಮೇಲೆ ಹಸಿರು ಸೀರೆ ಮತ್ತೆ ಚೀಲ ಸೇರಿತು, ತೆಂಗಿನಕಾಯಿಗಳು ಶೆಟ್ಟರ ಗಂಟು ಸೇರಿದವು. ಸೀರೆ ಯುಗಾದಿಗೆ ದೇವಿಗೆ ಮುಟ್ಟಿತು. ಊರಿಗೆ ಬಂದಾಗ ಹೆಂಡತಿ ಹೊಸ್ತಿಲಲ್ಲೇ ನಿಲ್ಲಿಸಿ, “ದೇವಿಗೆ ಸೀರಿ ಒಪ್ಪಿತೇನ್ರಿ?” ಎಂದಳು.

ಯಾತ್ರೆಯಿಂದ ಬಂದವನು ಸುಳ್ಳು ಹೇಳಬಾರದು.

“ಭಾಳ ಒಪ್ಪಿತು. ನನ್ನ ಕಣ್ಣ ಮುಂದ ಉಟ್ಕೊಂಡು, ನಮಗೆಲ್ಲ ಕಾಯಿಚಟ್ನಿ ಕುಟ್ಟಿ ಹಾಕಿದಳು.”