ಮಾವನೋರು ಕುಂತ ಸೀಟು

ಗಂಗಾವತಿಯೊಳಗ ನಂದೊಂದು ಕಾರಿನ ಸೀಟಿನ ಅಂಗಡಿ ಐತಿ. ಒಂದು ಗಾಡಿ ಸೀಟು ಬಿಚ್ಚಿ ಇನ್ನೊಂದಕ್ಕ ಕೂಡಿಸಾಕ ಹೋದಾಗೆಲ್ಲ ನನ್ನ ಮರ್ಯಾದಿ ಹರಾಜ ಆಗೂದು ತಪ್ಪಿಲ್ಲ. ಊರ ಮಂದಿ ನಕ್ರ ನಗ್ಲಿ ಬಿಡ್ರಿ. ಆದ್ರ ನಮ್ಮ ಮಾವನೋರು ನನ್ನ ಕಾರು ಹತ್ತವಲ್ರು. "ಅಳಿಯಂದ್ರು ಕೂಡಿಸಿದ ಸೀಟಿಗಿಂತ ಕೆಂಪು ಬಸ್ಸ ಛಲೋ" ಅಂತಾರ. ಒಮ್ಮೆರ ಅವರನ್ನ ಕುಂದ್ರಿಸಿ ಸೈ ಅನಿಸ್ಕೋಬೇಕು ಅನ್ನೂದು ನನ್ನ ಹಟ.

ಕೆಂಪು ದೀಪ

ಕಾರಟಗಿಯ ಗಿರಣಿ ಸಾಹುಕಾರ್ರು ದೊಡ್ಡ ಗಾಡಿದು ಎರಡು ಸೀಟು ತಂದು, "ನನ್ನ ಸಣ್ಣ ಕಾರಿಗೆ ಹಾಕು" ಅಂದ್ರು. ಹಾಕಿದೆ. ಹಳೆ ಸೀಟಿನ ಕೆಳಗಿದ್ದ ಏರ್‌ಬ್ಯಾಗಿನ ವೈರಿಗೆ ಹೊಸದ್ರಾಗ ಜಾಗಾನ ಇರಲಿಲ್ಲ. ಮೀಟರಿನ್ಯಾಗ ಕೆಂಪು ದೀಪ ಹತ್ತಿತು.

"ಇದೇನೋ?"

"ನೀವು ಕುಂತೀರಿ ಅಂತ ತೋರಸ್ತೈತ್ರಿ" ಅಂತ ಬುರುಡಿ ಹೊಡದೆ.

ಸಾಹುಕಾರ್ರು ಇಳದ್ರು. ದೀಪ ಆರಲಿಲ್ಲ.

"ಈಗ ಯಾರು ಕುಂತಾರ?"

ಹಳೆ ಸೀಟು ವಾಪಸ್ ಕೂಡಿಸಿ, ಚಹಾನೂ ನಾನ ಕುಡಿಸಿದೆ.

ಕೈಯಾಗ ಬೆಲ್ಟು

ಸಾಹುಕಾರ್ರು ಬ್ಯಾಡಂದ ಸೀಟು ನನ್ನ ಕಾರಿಗೇ ಹಾಕ್ಕೊಂಡೆ. ನಂದು ಹಳೆ ಗಾಡಿ, ಏರ್‌ಬ್ಯಾಗಿನ ಕಾಟ ಇಲ್ಲ. ಆದ್ರ ಬೆಲ್ಟಿನ ಕೊಂಡಿ ಹೊಸ ಸೀಟಿನ ಲಾಕಿನ್ಯಾಗ ಹೋಗವಲ್ಲದು. ಆಮ್ಯಾಲ ನೋಡೂಣು ಅಂತ ಬೆಲ್ಟ್ ಒಂದು ಕೈಲೆ ಹಿಡ್ಕೊಂಡ ಕೊಪ್ಪಳಕ್ಕ ಹೊಂಟೆ. ದಾರ್‍ಯಾಗ ಪೊಲೀಸ್ನೋರು ಕೈ ಮಾಡಿದ್ರು.

"ಬೆಲ್ಟ್?"

"ಹಾಕೀನ್ರಿ ಸಾಹೇಬ್ರ!"

"ಲೈಸೆನ್ಸ್ ತಗಿ."

ಲೈಸೆನ್ಸ್ ಹಿಂದಿನ ಕಿಸೆದಾಗ, ಬೆಲ್ಟ್ ಹಿಡಿದ ಕೈ ಬಾಜೂಕ ಐತಿ.

"ನೀವ ಒಂದೀಟ ಬೆಲ್ಟ್ ಹಿಡೀತೀರೇನ್ರಿ?" ಅಂದೆ.

ಅವರು ಹಿಡೀಲಿಲ್ಲ. ನನ್ನ ಕೈಗೆ ದಂಡದ ಚೀಟಿ ಹಿಡಿಸಿದ್ರು.

ಮಾವನೋರು ಹತ್ತಿದ್ರು

ಬೆಲ್ಟಿನ ಲಾಕು ಬದಲಿಸಿದೆ. ಎಡಗಡಿ ಸೀಟಿಗೆ ಹಿಂದಿನ ಎರಡು ಬೋಲ್ಟ್ ಛಲೋ ಕುಂತ್ವು, ಮುಂದಿನ ಎರಡಕ್ಕ ತೂತ ಕೂಡಲಿಲ್ಲ. ನಡೀತೈತಿ ಬಿಡು ಅಂದ್ಕೊಂಡೆ. ನಾಕೂ ಬೋಲ್ಟ್ ಇಲ್ದ ಗಾಡಿ ಬಿಡಬ್ಯಾಡ್ರಿ ಅಂತ ಮಂದಿಗೆ ದಿನಾ ಹೇಳಾಂವ ನಾನ!

ಕುಷ್ಟಗಿಗೆ ಬೀಗರ ಮನಿ ಕಾರ್ಯಕ್ಕ ಹೋಗೂದಿತ್ತು. ಬಸ್ಸು ತಪ್ಪಿತು. ಮಾವನೋರು ದೇವರ ನೆನಸ್ಕೊಂಡು ಮುಂದ ಕುಂತ್ರು, ಅತ್ತಿಯೋರು ಅವರ ಹಿಂದ.

"ಮೆತ್ತಗೈತಿ" ಅಂದ್ರು ಮಾವನೋರು.

ನನಗ ಆಕಾಶ ಮೂರ ಗೇಣು! ಆ ಖುಷಿಯೊಳಗ ರೋಡಿನ ಉಬ್ಬು ದಾಟಿದ ಕೂಡ್ಲೆ ಎಕ್ಸಿಲೇಟರ್ ಜೋರ ಒತ್ತಿದೆ. ಸೀಟು ಮುಂದ ಎದ್ದು ಹಿಂದಕ್ಕ ಉರುಳಿತು. ಬೆಲ್ಟೂ ಮಾವನೋರ ಜೋಡಿನ ಹೋತು. ಅವರ ಕಾಲು ಮುಂದಿನ ಗ್ಲಾಸಿಗೆ, ತಲಿ ಅತ್ತಿಯೋರ ತೊಡಿ ಮ್ಯಾಲ!

ಗಾಡಿ ಬಾಜೂಕ ನಿಲ್ಲಿಸಿದೆ.

"ಪೆಟ್ಟಾತೇನ್ರಿ ಮಾವಾ?"

ಮಾವನೋರು ಕಣ್ಣ ಮುಚ್ಚಿದ್ರು. ಮುಗೀತು, ಇನ್ನ ಹೆಂಡತಿ ತವರಿಗೆ ಕಾಲಿಡೂ ಹಂಗಿಲ್ಲ ಅನಕೋತ ಕುಷ್ಟಗಿ ಮೆಕ್ಯಾನಿಕ್‌ಗೆ ಫೋನ್ ಹಚ್ಚಿದೆ. "ಬೋಲ್ಟು, ಕಬ್ಬಿಣದ ಪಟ್ಟಿ ತಗೊಂಡು ಲಗೂನ ಬಾರೋ!"

"ಏಳ್ರೀ, ಮಂದಿ ನೋಡ್ತಾರ" ಅಂತ ಅತ್ತಿಯೋರು ಬಾಯಿಗೆ ಸೆರಗು ಹಿಡ್ಕೊಂಡು ನಗಾಕತ್ತಿದ್ರು.

ಮಾವನೋರು ಕಣ್ಣ ತಗೀಲಿಲ್ಲ, ತೊಡಿ ಮ್ಯಾಲಿನ ತಲೀನೂ ಎತ್ತಲಿಲ್ಲ. "ಅಳಿಯಂದ್ರ, ಅವಂಗ ಅವಸರ ಮಾಡಬ್ಯಾಡ್ರಿ" ಅಂದ್ರು. "ನಿಧಾನ ಬರ್ಲಿ."