ಗೋಡೆಯ ಮೇಲಿದ್ದ ಗಂಡ

ಹೊಳಲಿನ ನಯನಳಿಗೆ ತನ್ನ ಗಂಡ ರಘುನಂದನನ ಮೇಲೆ ಒಂದು ಹಳೆಯ ದೂರಿತ್ತು. ಅವನು ಕುಡಿಯುತ್ತಿರಲಿಲ್ಲ, ಇಸ್ಪೀಟು ಮುಟ್ಟುತ್ತಿರಲಿಲ್ಲ, ಬೈದರೆ ತಿರುಗಿ ಬೈಯುತ್ತಲೂ ಇರಲಿಲ್ಲ. (ತಿರುಗಿ ಬೈಯದಿರುವುದು ಬೇರೆಯದೇ ಒಂದು ದೂರು, ಅದು ಹಾಗಿರಲಿ.) ದೂರು ಏನೆಂದರೆ, ಅವನು ತನ್ನ ಫೋಟೋದ ಹಾಗೆ ಇರಲಿಲ್ಲ.

ಆ ಫೋಟೋ ಅವರ ಮಲಗುವ ಕೋಣೆಯ ಗೋಡೆಯ ಮೇಲೆ ಫ್ರೇಮಿನಲ್ಲಿ ವಿರಾಜಮಾನವಾಗಿತ್ತು. ಹತ್ತು ವರ್ಷದ ಹಿಂದೆ ಕೊಪ್ಪದಲ್ಲಿದ್ದ ನಯನಳ ತವರಿಗೆ ಮದುವೆ ದಲ್ಲಾಳಿ ತಂದುಕೊಟ್ಟಿದ್ದು ಅದನ್ನೇ. ಬುಲೆಟ್ ಬೈಕಿಗೆ ಒರಗಿಕೊಂಡು, ತೋಳು ಕಟ್ಟಿಕೊಂಡು, ಕಪ್ಪು ಕೂಲಿಂಗ್ ಗ್ಲಾಸ್ ಹಾಕಿಕೊಂಡ ವೀರ. ಎಣ್ಣೆಗೂ ಬಗ್ಗದ ಕೂದಲು, ಬದುವಿನ ಗರಿಕೆಯಂಥ ದಟ್ಟ ಮೀಸೆ. ನಯನ ಫೋಟೋ ನೋಡಿಯೇ ಹೂಂ ಅಂದುಬಿಟ್ಟಿದ್ದಳು. ಹೆಣ್ಣು ನೋಡಲು ಬಂದ ದಿನ ಚಾಪೆಯ ಮೇಲೆ ಕೂತಿದ್ದ ವರ ಯಾಕೋ ಸ್ವಲ್ಪ ಬಾಡಿದಂತೆ ಕಂಡಿದ್ದ. ಆದರೆ ಅತ್ತೆಯಾಗಲಿದ್ದ ಪುಟ್ಟಮಾದಮ್ಮ ಅದಕ್ಕೆ ಮೊದಲೇ ಸಮಾಧಾನ ಹೇಳಿದ್ದರು.

"ಟೈಫಾಯಿಡ್ ಬಂದು ಎದ್ದವ್ನೆ ಕಣವ್ವ. ಎಲ್ಡು ತಿಂಗ್ಳು ಉಣ್ಣಕ್ಕಿಕ್ಕು, ಮೊದ್ಲಿನಂಗಾಯ್ತನೆ."

ನಯನ ಉಣ್ಣಲಿಕ್ಕಿದಳು. ವರ್ಷವಿಡೀ ಇಕ್ಕಿದಳು. ರಘುನಂದನ ಮೊದಲಿನಂತಾಗದೆ ಅಡ್ಡಡ್ಡ ಬೆಳೆದ. ಆಮೇಲೆ ಇಕ್ಕುವುದನ್ನು ಕಡಿಮೆ ಮಾಡಿ ಗಂಜಿಗೆ ಇಳಿಸಿದಳು. ಬೆಳಗಾಗುವ ಮುಂಚೆ ಎಬ್ಬಿಸಿ ನಾಲೆ ಏರಿಯ ಮೇಲೆ ನಡೆಯಲು ಅಟ್ಟಿದಳು. ತಲೆಗೆ ಈರುಳ್ಳಿ ರಸ, ಮುಖಕ್ಕೆ ಕಡಲೆಹಿಟ್ಟು. ಮಂಡ್ಯದ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ ಆ ಬಡಪಾಯಿ ಅರೆಬೆಂದ ಈರುಳ್ಳಿ ಬೋಂಡದ ವಾಸನೆ ಹೊತ್ತುಕೊಂಡೇ ಕಡತಗಳನ್ನು ವಿಲೇವಾರಿ ಮಾಡುತ್ತಿದ್ದ.

"ನೋಡಿ, ಹೆಂಗಿದ್ರಿ, ಹೆಂಗಾಗೋದ್ರಿ," ಎಂದು ನಯನ ಗೋಡೆಯ ಕಡೆ ಬೆರಳು ತೋರಿಸುವಳು. ರಘುನಂದನ ಫೋಟೋವನ್ನೊಮ್ಮೆ ನೋಡಿ, ನಿಟ್ಟುಸಿರು ಬಿಟ್ಟು, ಷೂ ಲೇಸು ಕಟ್ಟಿಕೊಳ್ಳುವನು.

ಇಂಥ ಮನೆಯಲ್ಲಿ ರಘುನಂದನನ ತಮ್ಮ ಸ್ವರೂಪನಿಗೆ ಹೆಣ್ಣು ಸಿಗುತ್ತಿರಲಿಲ್ಲ. ಕಬ್ಬು, ಭತ್ತ, ಕೊಟ್ಟಿಗೆ ತುಂಬ ಸೀಮೆಹಸು ಎಲ್ಲ ಇತ್ತು. ಆದರೆ 'ಹುಡುಗ ವ್ಯವಸಾಯ' ಅಂದ ಕೂಡಲೇ ಹೆಣ್ಣಿನ ಕಡೆಯವರು ಕುಡಿಯುತ್ತಿದ್ದ ಕಾಫಿ ಲೋಟ ಕೆಳಗಿಡುತ್ತಿದ್ದರು. ವಯಸ್ಸು ಮೂವತ್ತು ದಾಟಿತ್ತು, ತಲೆಯ ಮುಂಭಾಗ ಕಟಾವಾದ ಗದ್ದೆಯಾಗಿತ್ತು, ಮೀಸೆಯನ್ನಂತೂ ನಯನ ಕಂಡಾಗಿನಿಂದ ಅವನು ಇಟ್ಟಿರಲೇ ಇಲ್ಲ.

ಕೊನೆಗೆ ನಯನಳೇ ಟೊಂಕ ಕಟ್ಟಿ, ಮೈದುನನ ಮೊಬೈಲಿಗೆ ಜೋಡಿ ಹುಡುಕಿಕೊಡುವ ಆ್ಯಪ್ ಹಾಕಿಸಿದಳು. ಫೋಟೋ ತೆಗೆಯುವ ಮಹಾಯಜ್ಞ ಶುರುವಾಯಿತು. ಹಸುವಿನ ಪಕ್ಕ ನಿಲ್ಲಿಸಿ ತೆಗೆದರೆ ಹಸು ಚೆನ್ನಾಗಿ ಬಂತು. ಟ್ರ್ಯಾಕ್ಟರ್ ಮೇಲೆ ಕೂರಿಸಿದರೆ ಬಾಡಿಗೆ ಡ್ರೈವರ್ ಹಾಗೆ ಕಂಡ. ಮೊಬೈಲಿನಲ್ಲಿದ್ದ ಫಿಲ್ಟರ್ ಹಾಕಿದಾಗ ಕೆನ್ನೆ ಕೆಂಪಾಗಿ, ತುಟಿಗೆ ಬಣ್ಣ ಬಂದು, ನಾಟಕದ ಸ್ತ್ರೀಪಾತ್ರವಾದ. ಇದ್ದುದರಲ್ಲಿ ಚೆನ್ನಾಗಿರುವುದನ್ನು ಹಾಕಿ ಕಾದದ್ದಕ್ಕೆ ಒಂದೇ ಒಂದು ಹೆಂಗಸಿನಿಂದ ಮೆಸೇಜು ಬಂತು. ಆಕೆಗೆ ಇವನ ಹೆಸರಿಗೆ ಇನ್ಶೂರೆನ್ಸ್ ಮಾಡಿಸಬೇಕಿತ್ತು.

ಆಗ ಒಂದು ದಿನ ಊಟಕ್ಕೆ ಬಡಿಸುತ್ತಿದ್ದ ನಯನಳಿಗೆ ಜ್ಞಾನೋದಯವಾಯಿತು.

"ರೀ, ನಿಮ್ಮ ಫೋಟೋನೇ ಹಾಕ್ಬುಡಣ."

ರಘುನಂದನ ಬಾಯಿಗೆತ್ತಿದ್ದ ಮುದ್ದೆಯ ತುತ್ತನ್ನು ತಟ್ಟೆಗೆ ವಾಪಸ್ಸಿಟ್ಟ. "ಯಾವ ಫೋಟೋ?"

"ರೂಮಲ್ಲಿ ಇರೋದು. ಅಣ್ಣ ತಮ್ಮ ಅಲ್ವಾ, ಮುಖ ಅದೇ ಥರ ಇದೆ. ಕಣ್ಣಿಗೆ ಗ್ಲಾಸ್ ಬೇರೆ ಇದೆ. ಯಾರಿಗೆ ಗೊತ್ತಾಗುತ್ತೆ?"

"ಅದು ಬ್ಯಾಡ."

"ಯಾಕ್ರೀ?"

"ಬ್ಯಾಡ ಅಂದ್ರೆ ಬ್ಯಾಡ."

ಮದುವೆಯಾದ ಮೇಲೆ ಅವನು ಬೇಡ ಅಂದದ್ದು ಅದೇ ಮೊದಲು. ಪುಟ್ಟಮಾದಮ್ಮ ಇದ್ದಕ್ಕಿದ್ದಂತೆ ಕೆಮ್ಮುತ್ತ ಹಿತ್ತಲಿಗೆ ಎದ್ದು ಹೋದರು. ಸ್ವರೂಪ ಮಾತ್ರ ತಟ್ಟೆಯಿಂದ ತಲೆ ಎತ್ತದೆ, "ಆಕ್ಲಿ ಬುಡಣ್ಣ. ಅದನ್ನಾಕಿದ್ರೆ ಸುಳ್ಳೇಳ್ದಂಗೇನೂ ಆಗಕ್ಕಿಲ್ಲ," ಅಂದ. ಮೈದುನ ಇಷ್ಟು ನಾಚಿಕೆ ಬಿಟ್ಟಿದ್ದಾನಲ್ಲ ಎಂದು ನಯನಳಿಗೆ ಆಶ್ಚರ್ಯವಾಯಿತು. ಗಂಡನಿಗೆ ಮಾತ್ರ ಹೊಟ್ಟೆಯುರಿ ಎಂದು ತೀರ್ಮಾನಿಸಿದಳು. ತನ್ನ ಯೌವನವನ್ನು ತಮ್ಮನಿಗೆ ಬಿಟ್ಟುಕೊಡಲು ಯಾವ ಗಂಡಸಿಗೆ ಮನಸ್ಸು ಬಂದೀತು.

ಫೋಟೋ ಹಾಕಿದ ಮೂರನೇ ದಿನಕ್ಕೆ ಮಳವಳ್ಳಿಯಿಂದ ಮೋಹಿನಿ ಎಂಬ ಹುಡುಗಿಯ ಮೆಸೇಜು ಬಂತು. ಅವಳದು ಅಲ್ಲಿ ಸ್ವಂತ ಟೈಲರಿಂಗ್ ಅಂಗಡಿ. ಕೇಳಿದ್ದು ಒಂದೇ ಮಾತು: "ಬೈಕ್ ನಿಮ್ದಾ?"

"ಅಲ್ಲ, ಫ್ರೆಂಡ್‌ದು. ನಂದು ಟಿವಿಎಸ್. ಅದೂ ಹಾಲಿನ ಕ್ಯಾನ್ ಕಟ್ಟಿರುತ್ತೆ," ಎಂದು ಸ್ವರೂಪ ಬರೆದ. ನಯನ ತಲೆ ಚಚ್ಚಿಕೊಂಡಳು. ಆದರೆ ಹುಡುಗಿಗೆ ಆ ಉತ್ತರವೇ ಹಿಡಿಸಿತು. ದಿನಾ ಮಾತು ಶುರುವಾಯಿತು. ಸ್ವರೂಪ ಹಾಲು ಕರೆಯುವಾಗಲೂ ಮೊಬೈಲ್ ನೋಡಿ ನಗುವುದು ಕಂಡು ಹಸುಗಳು ಗಾಬರಿಯಾಗಿ ಕಾಲು ಝಾಡಿಸತೊಡಗಿದವು. ತಿಂಗಳು ಕಳೆಯುವುದರೊಳಗೆ, ಎರಡೂ ಊರಿಗೆ ಮಧ್ಯೆ ಆಗುತ್ತದೆಂದು ಮದ್ದೂರಿನ ಹೋಟೆಲೊಂದರಲ್ಲಿ ಭೇಟಿ ಗೊತ್ತಾಯಿತು. ಹುಡುಗಿಯ ಜೊತೆ ಅವಳ ಅಜ್ಜಿ ಬರುವವರಿದ್ದರು. ಅಪ್ಪ ಅಮ್ಮ ಎಲ್ಲ ಆಮೇಲೆ. ಮೊದಲು ಅಜ್ಜಿ ಪಾಸ್ ಮಾಡಬೇಕಂತೆ.

ನಯನಳಿಗೆ ಈಗ ಹೊಸ ಚಿಂತೆ. ಫೋಟೋದ ಅಸಲಿ ಒಡೆಯ ಎದುರಿಗೆ ಬಂದು ಕೂತರೆ ಗುಟ್ಟು ರಟ್ಟಾಗದೆ ಇರುತ್ತದೆಯೇ?

"ನೀವು ಬರ್ಬೇಡಿ," ಅಂದಳು ಗಂಡನಿಗೆ.

"ಕಾರು ಯಾರು ಓಡಿಸ್ತಾರೆ?"

ಅದೂ ನಿಜವೇ. ಕೊನೆಗೆ ಒಂದು ಒಪ್ಪಂದವಾಯಿತು: ರಘುನಂದನ ಕಾರು ಓಡಿಸಬೇಕು, ಮುಖಕ್ಕೆ ಮಾಸ್ಕ್ ಹಾಕಬೇಕು, ಹೋಟೆಲಿನಲ್ಲಿ ಬೇರೆ ಟೇಬಲ್ಲಿನಲ್ಲಿ ಅಪರಿಚಿತನಂತೆ ಕೂರಬೇಕು. ಅವನು ಯಾವುದಕ್ಕೂ ಎದುರಾಡಲಿಲ್ಲ. ಪ್ರತ್ಯೇಕ ಟೇಬಲ್ ಅಂದರೆ ವಡೆಗೆ ಯಾರ ಅಪ್ಪಣೆಯೂ ಬೇಕಿಲ್ಲ ಎಂಬುದು ಅವನಿಗೆ ಹೊಳೆದಿತ್ತು.

ಮೋಹಿನಿ ಹೋಟೆಲಿನೊಳಗೆ ಬಂದಾಗ ಸ್ವರೂಪ ಎದ್ದು ನಿಂತ. ನಿಂತರೂ ಅವಳ ಮುಖ ನೋಡಲು ಕತ್ತು ಎತ್ತಬೇಕಾಯಿತು. ಅವನಿಗಿಂತ ಒಂದು ಗೇಣು ಎತ್ತರ ಇದ್ದಳು.

"ನಿಮ್ ಪಟದಲ್ಲಿ ಕೂತಿದ್ರಾ?" ಅಂದ ಸ್ವರೂಪ.

"ಹೂಂ. ನಿಂತಿದ್ರೆ ನೀವು ಬತ್ತಿದ್ರಾ?"

"ಬತ್ತಿದ್ದೆ. ಏಣಿ ತತ್ತಿದ್ದೆ."

ಮೋಹಿನಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಳು. ಅಜ್ಜಿ ಅಂಕಮ್ಮ ಮಾತ್ರ ನಗಲಿಲ್ಲ. ಮೊಮ್ಮಗಳ ಮೊಬೈಲನ್ನು ಸ್ವರೂಪನ ಕಿವಿಯ ಪಕ್ಕ ಹಿಡಿದು, ಸಂತೆಯಲ್ಲಿ ಎತ್ತು ನೋಡುವವರ ಹಾಗೆ ಪರೀಕ್ಷೆಗೆ ತೊಡಗಿದರು.

"ಇತ್ಲಾಗ್ ತಿರುಗ್ಲಾ ಮಗ. ಮೂಗು ಅದೇಯ. ಕಿವಿ ಅದೇಯ. ಕೂದ್ಲೆಲ್ಲೋತು?"

"ಉದ್ರೋತು ಅಜ್ಜಿ."

"ಓಗ್ಲಿ ಬುಡು, ಎಣ್ಣೆ ಉಳೀತು. ಎತ್ತವ್ವ ಮಗನ್ನ ಚೆಂದಾಗಿ ಎತ್ತವ್ಳೆ ಕಣವ್ವ. ಈ ಪಟ ನೋಡೇ ನಾನು ಬಸ್ ಅತ್ತಿದ್ದು. ಇಂತಾ ಮೊಖ ನಮ್ಮ ತಾಲ್ಲೂಕ್ನಲ್ಲಿ ಇನ್ನೊಂದಿಲ್ಲ."

ಮಗನ ಪಕ್ಕದಲ್ಲೇ ಕೂತಿದ್ದ ಪುಟ್ಟಮಾದಮ್ಮ ಹೆಮ್ಮೆಯಿಂದ ಸೆರಗು ಸರಿಮಾಡಿಕೊಂಡರು. ಗಂಡಾಂತರ ಕಳೆಯಿತೆಂದು ನಯನ ಮಾದಪ್ಪನಿಗೆ ಕೈಮುಗಿಯಬೇಕಿತ್ತು. ಆದರೆ ಮನಸ್ಸಿನ ಕಥೆಯೇ ಬೇರೆ. ಅವಳಿಗೆ ಒಳಗೆ ಏನೋ ಚುಚ್ಚತೊಡಗಿತು. ಆ ಮೂಗು ಯಾರದು? ಆ ಮುಖ ಯಾರದು? ಗಂಜಿ ಕುಡಿಸಿ, ಈರುಳ್ಳಿ ಅರೆದು, ತಾನು ಹತ್ತು ವರ್ಷದಿಂದ ಮರಳಿ ಪಡೆಯಲು ಒದ್ದಾಡುತ್ತಿರುವ ಮುಖ ಅದು. ಅದರ ಕೀರ್ತಿಯೆಲ್ಲ ಮೈದುನನ ಪಾಲಾಗುತ್ತಿದೆ.

ಅಷ್ಟರಲ್ಲಿ ಅಂಕಮ್ಮ ಪಕ್ಕದ ಟೇಬಲ್ಲಿಗೆ ತಿರುಗಿದರು. ಅಲ್ಲಿ ರಘುನಂದನ ಮಾಸ್ಕನ್ನು ಗದ್ದಕ್ಕೆ ಇಳಿಸಿಕೊಂಡು ಎರಡನೇ ವಡೆಯನ್ನು ಚಟ್ನಿಯಲ್ಲಿ ಅದ್ದುತ್ತಿದ್ದ.

"ಯಾರಪ್ಪ ನೀನು, ಆ ನೀರಿನ ಜಗ್ಗು ಇತ್ಲಾಗ್ ಕೊಡು."

ರಘುನಂದನ ಕೊಟ್ಟ. ಅಂಕಮ್ಮ ಅವನ ಮುಖವನ್ನು ಹತ್ತಿರದಿಂದ ನೋಡಿದರು, ನೀರು ಬಗ್ಗಿಸಿಕೊಂಡರು, ಮತ್ತೆ ಮೊಬೈಲಿನ ವೀರನನ್ನು ಮೆಚ್ಚಲು ತೊಡಗಿದರು.

ನಯನಳ ತಾಳ್ಮೆಯ ಕಟ್ಟೆ ಒಡೆಯಿತು.

"ಅದು ಇವನ ಫೋಟೋ ಅಲ್ಲ ಅಜ್ಜಿ," ಅಂದುಬಿಟ್ಟಳು. "ನಮ್ಮನೆಯವರದು. ಈಗ ನೀರು ಕೊಟ್ರಲ್ಲ, ಅವರದು."

ಟೇಬಲ್ಲಿನಲ್ಲಿದ್ದವರೆಲ್ಲ ರಘುನಂದನನ ಕಡೆ ತಿರುಗಿದರು. ಅವನ ಬಾಯಲ್ಲಿ ವಡೆ, ಮೀಸೆಯಲ್ಲಿ ಚಟ್ನಿ. ಅಂಕಮ್ಮ ಮೊಬೈಲ್ ನೋಡಿದರು, ಅವನನ್ನು ನೋಡಿದರು, ಮತ್ತೆ ಮೊಬೈಲ್ ನೋಡಿದರು.

"ಇವ್ನಾ?" ಅಂದರು.

ಆ ಒಂದು ಮಾತಿನಲ್ಲಿದ್ದ ಅಪನಂಬಿಕೆಗೆ ನಯನಳ ಕಣ್ಣಲ್ಲಿ ನೀರೇ ಬಂತು. ಅಜ್ಜಿ ಆಗಲೇ ಚೀಲ ಎತ್ತಿಕೊಂಡು ನಿಂತಿದ್ದರು. "ಏಳವ್ವ ಮೋಹಿನಿ, ಓಗವ. ಅಣ್ಣನ ಪಟ ತೋರ್ಸಿ ತಮ್ಮನ್ನ ಗಂಟಾಕಕ್ಕೆ ಬಂದವ್ರೆ. ಇಂತವರ ಸವಾಸ ಬ್ಯಾಡ."

ಮೋಹಿನಿ ಏಳಲಿಲ್ಲ. ಸ್ವರೂಪನನ್ನೇ ನೋಡುತ್ತ, "ನಿಜವೇನ್ರೀ? ಟಿವಿಎಸ್ ವಿಷಯ ಮುಚ್ಚಿಡದೋರು ಮುಖದ ವಿಷಯ ಮುಚ್ಚಿಟ್ರಾ?" ಅಂದಳು. ದನಿ ಸಣ್ಣಗಾಗಿತ್ತು.

ಸ್ವರೂಪ ಬಾಯಿ ತೆರೆದು ಅಣ್ಣನ ಕಡೆ ನೋಡಿದ. ಅಣ್ಣ ತಾಯಿಯ ಕಡೆ ನೋಡಿದ. ತಾಯಿ ತಟ್ಟೆಯ ಕಡೆ ನೋಡಿದರು. ಅಜ್ಜಿ ಬಾಗಿಲವರೆಗೆ ಹೋಗಿಯೇಬಿಟ್ಟರು. ಚಿಕ್ಕಮಗನ ಮದುವೆ ಆ ಬಾಗಿಲು ದಾಟಿ ಮಳವಳ್ಳಿ ಬಸ್ ಹತ್ತುವುದು ಪುಟ್ಟಮಾದಮ್ಮನಿಗೆ ಕಣ್ಣಿಗೆ ಕಟ್ಟಿತು.

"ನಿಂತ್ಕ ಅಂಕಮ್ಮ," ಅಂದರು. "ಪಟ ಸ್ವರೂಪಂದೇಯ. ನನ್ ಸೊಸೆಗೆ ಗೊತ್ತಿಲ್ಲ."

"ಏನು ಗೊತ್ತಿಲ್ಲ ಅತ್ತೆ?" ಅಂದಳು ನಯನ.

ಪುಟ್ಟಮಾದಮ್ಮ ಸೊಸೆಯ ಮುಖ ನೋಡದೆ, ಸಾಂಬಾರಿನ ಬಟ್ಟಲಿಗೆ ಹೇಳುವಂತೆ ಹೇಳಿದರು. "ರಘು ಪಟ ಎಷ್ಟ್ ಸತಿ ತೆಗ್ಸುದ್ರೂವೆ ಕಣ್ ಮುಚ್ಕಬುಡವ್ನು. ಇದ್ನ ನೋಡುದ್ರೆ ಯಾರೂ ಎಣ್ಣು ಕೊಡಕ್ಕಿಲ್ಲ ಅಂದ್ಬುಟ್ಟ ಆ ದಲ್ಲಾಳಿ. ಅದ್ಕೆ ಸ್ವರೂಪನ ಪಟ ಕೊಟ್ ಕಳುಸ್ದೆ. ಅಣ್ಣ ತಮ್ಮ ಅಲ್ವಾ, ಕಣ್ಗೆ ಗ್ಲಾಸ್ ಬ್ಯಾರೆ ಅದೆ, ಯಾರ್ಗ್ ಗೊತ್ತಾಯ್ತದೆ ಅಂತ."

"ಮದುವೇಲಿ ನಾನು ಇವನನ್ನ ನೋಡ್ಲಿಲ್ವಾ?"

"ನೋಡ್ದೆ. ಅದ್ಕೆ ಮುಂಚೆನೇ ಮಾದಪ್ಪನ ಬೆಟ್ಟಕ್ ಕರ್ಕಂಡೋಗಿ ಇವ್ನ ತಲೆ, ಮೀಸೆ ಎಲ್ಡೂ ಬೋಳುಸ್ಬುಟ್ಟಿದ್ದೆ."

ಸ್ವರೂಪ ಹಣೆಯಿಂದ ಮೇಲಕ್ಕೆ ಕೈಯಾಡಿಸಿಕೊಂಡ. "ಆಮ್ಯಾಲೆ ಸರ್ಯಾಗಿ ಬರ್ಲೇ ಇಲ್ಲ ಅತ್ಗೆ."

ನಯನ ಗಂಡನ ಕಡೆ ತಿರುಗಿದಳು. "ಟೈಫಾಯಿಡ್?"

"ನಂಗೆ ಒಂದ್ ನೆಗಡಿನೂ ಬಂದಿರ್ಲಿಲ್ಲ," ಅಂದ ರಘುನಂದನ ಪಕ್ಕದ ಟೇಬಲ್ಲಿನಿಂದ.

ಮೊದಲು ನಕ್ಕಿದ್ದು ಮೋಹಿನಿ. ಆಮೇಲೆ ಸ್ವರೂಪ. ಆಮೇಲೆ ಪಕ್ಕದಲ್ಲಿ ಲೋಟ ಎತ್ತುತ್ತಿದ್ದ ಸಪ್ಲೈಯರ್. ಅಂಕಮ್ಮ ನಿಧಾನವಾಗಿ ವಾಪಸ್ಸು ಬಂದು, ಚೀಲ ಕೆಳಗಿಟ್ಟು ಕೂತರು. "ಅಂಗಾರೆ ನಮ್ಗೇನೂ ಮೋಸ ಆಗಿಲ್ಲ. ಆಗಿರದು ಈ ಅವ್ವಂಗೆ. ಅದು ನಿಮ್ ಮನೆ ಯವಾರ, ನೀವ್ ನೋಡ್ಕಳಿ," ಎಂದು ನ್ಯಾಯ ತೀರ್ಮಾನ ಮಾಡಿ ಕಾಫಿಗೆ ಹೇಳಿದರು. ಕಾಫಿ ಬರುವ ಹೊತ್ತಿಗೆ ವೀಳ್ಯಶಾಸ್ತ್ರಕ್ಕೆ ದಿನ ನೋಡುವ ಮಾತು ನಡೆದಿತ್ತು.

ವಾಪಸ್ಸು ಬರುವಾಗ ಕಾರಿನ ಹಿಂದಿನ ಸೀಟಿನಲ್ಲಿ ತಾಯಿ ಮಗ ನಿದ್ದೆ ಬಂದವರಂತೆ ಕಣ್ಣು ಮುಚ್ಚಿದ್ದರು. ನಯನ ಮುಂದೆ ನೋಡುತ್ತಲೇ ಕೇಳಿದಳು.

"ಹತ್ತು ವರ್ಷ. ಒಂದಿನ ಬಾಯಿ ಬಿಡ್ಬಾರ್ದಾ?"

"ಯೇಳಣ ಅಂತಿದ್ದೆ. ಅಷ್ಟ್ರಲ್ಲಿ ನೀನು ಫ್ರೇಮ್ ಹಾಕುಸ್ಬುಟ್ಟೆ."

"ಆಮೇಲೆ?"

"ಆಮೇಲೆ ನೀನು ಅದನ್ನ ನೋಡ್ಕಂಡು ಒಬ್ಬಳೇ ನಗ್ತಿದ್ದೆ. ಇಷ್ಟು ಕುಸಿಯಾಗವ್ಳಲ್ಲ, ಯಾಕ್ ಕೆಡ್ಸದು ಅಂತ ಸುಮ್ನಾದೆ. ನಡೆದ್ರೆ ಆದ್ರೂ ಅಂಗಾಗ್ತೀನೇನೋ ಅಂತ ನಡ್ದೆ."

ನಯನ ಜಗಳಕ್ಕೆ ಬೇಕಾದ ಮಾತುಗಳನ್ನೆಲ್ಲ ಮದ್ದೂರಿನಿಂದಲೇ ಜೋಡಿಸಿಟ್ಟುಕೊಂಡಿದ್ದಳು. ಆದರೆ ಮಂಜು ಸುರಿಯುವ ನಾಲೆ ಏರಿಯ ಮೇಲೆ ಈ ದಪ್ಪ ಮನುಷ್ಯ ತನ್ನ ತಮ್ಮನ ಫೋಟೋ ಆಗಲು ಹತ್ತು ವರ್ಷ ಏದುಸಿರು ಬಿಟ್ಟದ್ದು ನೆನಪಾಗಿ, ಬೈಯಲು ತೆರೆದ ಬಾಯಿಂದ ನಗು ಬಂದುಬಿಟ್ಟಿತು. ಹಿಂದಿನ ಸೀಟಿನಲ್ಲಿ ಪುಟ್ಟಮಾದಮ್ಮ ಒಂದು ಕಣ್ಣು ತೆರೆದು ನೋಡಿ ಮತ್ತೆ ಮುಚ್ಚಿಕೊಂಡರು.

ಮನೆಗೆ ಬಂದವಳೇ ಗೋಡೆಯ ಮೇಲಿನ ಫೋಟೋ ಇಳಿಸಿ, ನೆಲ ನೋಡುತ್ತಾ ಮೈದುನನ ಕೈಗೆ ಕೊಟ್ಟಳು. (ಹತ್ತು ವರ್ಷ ವಾರವಾರವೂ ಅದರ ಮುಖ ಒರೆಸಿದವಳು ಇನ್ನೇನು ಮಾಡಲು ಸಾಧ್ಯ?)

ಮಾರನೇ ದಿನ ನಯನ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಾಗ ಪಕ್ಕದ ಮನೆಯ ಬೆಟ್ಟಮ್ಮ ಬಂದು ಕೂತರು.

"ಮದ್ದೂರ್ನಲ್ಲಿ ಎಲ್ಲ ಈಚೆಗ್ ಬಂತಂತೆ. ಓಗ್ಲಿ ಬುಡು ಕಣವ್ವ."

"ನಿಮಗೂ ಗೊತ್ತಿತ್ತಾ ಬೆಟ್ಟಮ್ಮ?"

"ಬೀದಿಗೆಲ್ಲ ಗೊತ್ತಿತ್ತು. ನಿಮ್ಮತ್ತೆ ಆಣೆ ಆಕ್ಸಿದ್ಲು." ಬೆಟ್ಟಮ್ಮ ಒಂದು ಅವರೆಕಾಯಿ ಎತ್ತಿಕೊಂಡು, ಇನ್ನಷ್ಟು ಹತ್ತಿರ ಸರಿದರು. "ಅದ್ಸರಿ, ಆ ಪಟ ಈಗ ಸುಮ್ಕೇ ಬಿದ್ದದೆ ಅಲ್ವಾ? ಎಲ್ಡು ಎಣ್ಣು ತಂದಿರ ಪಟ ಅದು. ನಮ್ಮ ಮೊಮ್ಮಗನ್ಗೂ ಆ ಮೊಬೈಲ್ಗೆ ಅದನ್ನೇ ಆಕ್ಬುಡವ್ವ."

ನಯನ ಸುಲಿಯುವುದನ್ನು ನಿಲ್ಲಿಸಿದಳು. "ನಿಮ್ಮ ಮೊಮ್ಮಗನ ಮುಖಕ್ಕೂ ಅದಕ್ಕೂ ಸಂಬಂಧವೇ ಇಲ್ವಲ್ಲ ಬೆಟ್ಟಮ್ಮ. ಕಟ್ಟಿಕೊಂಡ ಹುಡುಗಿಗೆ ಗೊತ್ತಾಗಲ್ವಾ?"

"ಎಲ್ಲಿ ಗೊತ್ತಾಯ್ತದೆ ಬುಡವ್ವ," ಅಂದರು ಬೆಟ್ಟಮ್ಮ, ಕಾಳು ಬಿಡಿಸುತ್ತ. "ನಿಂಗೆ ಗೊತ್ತಾಯ್ತಾ?"